ನಾನೂರ ಎರಡನೇ ನಂಬರಿನ ಬೆಸುಗೆ

ಪ್ಯೋ ಸಾಂಗೂನ ಗಲ್ಲವನ್ನು ನಾನು ಮೊದಲ ಸಲ ಮುಟ್ಟಿದ್ದು ಕಂಪನಿಯ ನಿಯಮದ ಪ್ರಕಾರ.

ಗೋಜೆ ದ್ವೀಪದ ನಮ್ಮ ಶಿಪ್‌ಯಾರ್ಡಿನಲ್ಲಿ ಬೆಳಗಿನ ವ್ಯಾಯಾಮ ಮುಗಿದ ಕೂಡಲೇ ಎಲ್ಲರೂ ಜೋಡಿಯಾಗಿ ಎದುರುಬದುರು ನಿಲ್ಲಬೇಕು. ಎದುರಿಗಿರುವವರ ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿದೆಯೇ, ಸೊಂಟದ ಬೆಲ್ಟಿನ ಕೊಕ್ಕೆ ಕೂತಿದೆಯೇ ಎಂದು ಕೈಯಾರೆ ಎಳೆದು ನೋಡಿ, ಬೆರಳು ತೋರಿಸಿ "ಸರಿ ಇದೆ!" ಎಂದು ಕೂಗಬೇಕು. ಹದಿನೆಂಟು ವರ್ಷದಲ್ಲಿ ಎಷ್ಟೋ ಗಂಡಸರ ಗಲ್ಲದ ಕೆಳಗೆ ಬೆರಳು ಹಾಕಿದ್ದೇನೆ. ಒಂದೂ ನೆನಪಿಲ್ಲ. ಇವನ ಗಲ್ಲದಲ್ಲಿ ಮಾತ್ರ, ಶೇವ್ ಮಾಡುವಾಗ ಕೊಯ್ದುಕೊಂಡ ಸಣ್ಣ ಗಾಯವಿತ್ತು.

"ಜಾಸ್ತಿ ಬಿಗಿ ಆಯ್ತು ಮೇಸ್ತ್ರಮ್ಮ. ಮಾತಾಡೋಕಾಗಲ್ಲ."

"ಮಾತಾಡೋಕೆ ಕರೆಸಿದ್ದಾರಾ ನಿನ್ನ? ಪೈಪ್ ಬೆಸೆಯೋಕೆ ಕರೆಸಿರೋದು."

"ಹಂಗಾದ್ರೆ ಇನ್ನೊಂಚೂರು ಬಿಗಿ ಮಾಡಿ" ಎಂದು ನಕ್ಕ. ನಾನು ನಗಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಳ್ಳುವುದು ಮಾತ್ರ ಸ್ವಲ್ಪ ತಡವಾಯಿತು.

ಅವನ ಕಾಗದದಲ್ಲಿ ಎಂಟು ವರ್ಷದ ಅನುಭವ ಎಂದು ಬರೆದಿತ್ತು. ಸ್ಟೀಲ್ ಪೈಪು, ಎಲ್ಲಾ ಕೋನ, ಬೆಸುಗೆಗೆಲ್ಲ ಎಕ್ಸ್‌ರೇ ಪಾಸ್. ಅರ್ಧ ಗಂಟೆಯಲ್ಲಿ ಬಣ್ಣ ಬಯಲಾಯಿತು. ಬೆಸೆಯುವ ಟಾರ್ಚನ್ನು ಜಾರುವ ಮೀನು ಹಿಡಿದವನ ಹಾಗೆ ಹಿಡಿದಿದ್ದ. ಬೆಸುಗೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತೂತು ಬಿದ್ದಿತು.

"ಮಷೀನ್ ಸರಿ ಇಲ್ಲ ಅನ್ಸುತ್ತೆ" ಎಂದ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ನಿಜ ಹೇಳು, ಇಷ್ಟು ದಿನ ಏನು ಬೆಸೀತಿದ್ದೆ?"

ಅವನು ಮುಖವಾಡ ಮೇಲೆತ್ತಿದ. ಕಿವಿ ಕೆಂಪಾಗಿತ್ತು. "ಕಿಟಕಿ ಸರಳು. ಸ್ಟ್ರಾಬೆರಿ ತೋಟದ ಚಪ್ಪರ. ಒಂದ್ಸಲ ದೊಡ್ಡ ನಾಯಿಗೂಡು."

"ಮತ್ತೆ ಎಂಟು ವರ್ಷ?"

"ಮೂವತ್ತೆಂಟರ ಗಂಡಸಿಗೆ ಕಲಿಯೋ ಕೆಲಸ ಯಾರು ಕೊಡ್ತಾರೆ ಮೇಸ್ತ್ರಮ್ಮ? ಹೊಸಬ ಅಂದ ಕೂಡಲೇ ಬಾಗಿಲು ಹಾಕ್ತಾರೆ. ಕಳಿಸಿಬಿಡ್ತೀರಾ?"

ಕಳಿಸಬೇಕಿತ್ತು. ಹೊಸಬರನ್ನು ಎರಡು ವಾರ ತರಬೇತಿ ಶೆಡ್ಡಿಗೆ ಕಳಿಸುತ್ತಾರೆ, ಅನುಭವಸ್ಥರಿಗೆ ಅದಿಲ್ಲ. ಅವರಿಗೆ ಮೇಸ್ತ್ರಿಯ ಒಂದು ಸಹಿ ಸಾಕು. ಫಾರಂ ನನ್ನ ಜೇಬಿನಲ್ಲೇ ಇತ್ತು. ಶೆಡ್ಡಿಗೆ ಕಳಿಸಿದರೆ ಸುಳ್ಳು ಹೊರಬಿದ್ದು ಆ ದಿನವೇ ಗೇಟಿನಾಚೆ ಹೋಗುತ್ತಿದ್ದ.

ನನಗೆ ನಲವತ್ತೊಂದು. ಮನೆಯಲ್ಲಿ ನಾನು, ಒಂದು ಟಿವಿ. ಹೊಡೆಸಿಕೊಳ್ಳುವ ಮೊದಲೇ ಕಣ್ಣು ಮುಚ್ಚಿ ನಿಂತ ಹುಡುಗನ ಹಾಗೆ ಅವನು ನಿಂತಿದ್ದ. ಸಹಿ ಹಾಕಿದೆ.

ಆಮೇಲೆ ನಮ್ಮ ಮಧ್ಯಾಹ್ನಗಳು ಶುರುವಾದವು.

ನಮ್ಮಲ್ಲಿ ಪ್ರತಿ ಜಾಯಿಂಟಿನ ಪಕ್ಕ ಬೆಸೆದವರು ತಮ್ಮ ನಂಬರನ್ನು ಬಿಳಿ ಪೇಂಟಿನಲ್ಲಿ ಬರೆಯಬೇಕು. ನನ್ನದು ಮುನ್ನೂರ ಹದಿನೇಳು, ಅವನದು ನಾನೂರ ಎರಡು. ಊಟದ ಸೈರನ್ ಆಗಿ ಎಲ್ಲರೂ ಕ್ಯಾಂಟೀನಿಗೆ ಓಡಿದ ಮೇಲೆ ನಾನು ಅವನ ಹಾಳು ಬೆಸುಗೆಯನ್ನು ಉಜ್ಜಿ ತೆಗೆದು ಹೊಸದಾಗಿ ಬೆಸೆಯುತ್ತಿದ್ದೆ. ಅವನು ಪಕ್ಕದಲ್ಲಿ ಕೂತು ದೀಪ ಹಿಡಿಯುತ್ತಿದ್ದ. ಆಮೇಲೆ ತನ್ನ ನಂಬರನ್ನು ಗುಂಡಗೆ ಬರೆಯುತ್ತಿದ್ದ. ಬರವಣಿಗೆ ಮಾತ್ರ ಮುತ್ತಿನ ಹಾಗಿತ್ತು, ಹಾಳಾದವನದು.

"ದೀಪ ಪೈಪಿನ ಮೇಲೆ ಹಿಡಿ. ನನ್ನ ಮುಖದ ಮೇಲಲ್ಲ."

"ಮುಖವಾಡ ಹಾಕ್ಕೊಂಡಿದ್ದೀರಲ್ಲ, ನಿಮಗೆ ಹೆಂಗೊತ್ತಾಯ್ತು?"

"ಕತ್ತು ಬಿಸಿ ಆಗ್ತಿದೆ."

"ಅದು ದೀಪದಿಂದ ಅಲ್ಲ ಇರಬೇಕು."

ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಬೆಸುಗೆ ಡೊಂಕಾಯಿತು. ಆ ಜಾಯಿಂಟನ್ನು ಎರಡು ಸಲ ಮಾಡಬೇಕಾಯಿತು.

ಅವನು ಬುತ್ತಿ ತರುತ್ತಿದ್ದ. ಕಡಲ ಪಾಚಿಯ ಹಾಳೆ ಸುತ್ತಿದ ಅನ್ನದ ಸುರುಳಿ, ಒಳಗೆ ಮೂಲಂಗಿ ಉಪ್ಪಿನಕಾಯಿ. ನನ್ನ ಕೈಗವಸು ಮಸಿಯಾಗಿರುತ್ತದೆಂದು ತಾನೇ ಬಾಯಿಗಿಡುತ್ತಿದ್ದ. ಮೊದಲ ದಿನ ಬೈದೆ. ಎರಡನೇ ದಿನ ಬೈಯುತ್ತಲೇ ಬಾಯಿ ತೆರೆದೆ. ಮೂರನೇ ದಿನ ಬೈಯುವುದು ಮರೆತೇ ಹೋಯಿತು.

ಎಲ್ಲವನ್ನೂ ಕಂಡವನು ಗ್ವಾಕ್ ಮಾವ, ನಮ್ಮ ತಂಡದ ಹಿರಿಯ. ಒಂದು ದಿನ ಸಿಗರೇಟು ಸೇದುತ್ತಾ ಹೇಳಿದ: "ಗುಮ್ಸಿಲ್, ನೀನು ಅನ್ನ ಅಗಿದು ಅವನ ಬಾಯಿಗೆ ಇಡ್ತಿದ್ದೀಯ. ಹಂಗಾದ್ರೆ ಹಲ್ಲು ಬರೋದು ಯಾವಾಗ?"

"ಕಲಿಸ್ತಿದ್ದೀನಲ್ಲ ಮಾವ."

"ಕೈಗೆ ಮಾತ್ರ ಕಲಿಸ್ತಿದ್ದೀಯ" ಎಂದು ಹೊಗೆ ಬಿಟ್ಟ. ಆ ಮಾತಿನ ಅರ್ಥ ಆಗ ನನಗೆ ಆಗಲಿಲ್ಲ.

ಕೈಗೆ ನಿಜವಾಗಿ ಕಲಿಸಿದೆ. ಅವನ ಮಣಿಕಟ್ಟು ಹಿಡಿದು, ಉಸಿರು ಬಿಡುತ್ತಾ ಸರಿಸು, ಎಳೆದುಕೊಳ್ಳುತ್ತಾ ನಿಲ್ಲು ಎಂದು ಹೇಳಿಕೊಟ್ಟೆ. "ಹೊರಗಿನ ಬೆಸುಗೆ ಪೌಡರ್ ಇದ್ದಂಗೆ. ಯಾರು ಬೇಕಾದ್ರೂ ಬಳೀತಾರೆ. ಪೈಪಿನ ಒಳಗಡೆ ಹೆಂಗೆ ಬಂದಿದೆ, ಅದು ಮುಖ. ಅದನ್ನ ನೋಡಿ ಮಾತಾಡು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಅಯ್ಯೋ, ಎಷ್ಟು ಸಲ ಹೇಳಿದೆ ಆ ಮಾತನ್ನು!

ಮೂರನೇ ತಿಂಗಳಲ್ಲಿ ಅವನೊಂದು ಕರಾರು ಮಾಡಿದ.

"ನನ್ನ ಕೈಯಾರೆ ಮಾಡಿದ್ದು ಒಂದೇ ಒಂದು ಜಾಯಿಂಟ್ ಎಕ್ಸ್‌ರೇಲಿ ಪಾಸಾದ್ರೆ, ನಿಮ್ಮನ್ನ ಹೆಸರು ಹಿಡಿದು ಕರೀತೀನಿ. ಮೇಸ್ತ್ರಮ್ಮ ಅನ್ನಲ್ಲ."

"ಮೂರು ವರ್ಷ ದೊಡ್ಡವಳು ನಾನು. ಹಲ್ಲು ಉದುರಿಸ್ತೀನಿ."

"ಉದುರಿಸಿ. ಹಲ್ಲಿಲ್ಲದ ಬಾಯಲ್ಲೂ ಗುಮ್ಸಿಲ್ ಅನ್ನಬಹುದು."

"ಈಗ ಅಂದ್ಯಲ್ಲ!"

"ಇದು ಲೆಕ್ಕಕ್ಕಿಲ್ಲ, ರಿಹರ್ಸಲ್ಲು."

ಮುಖವಾಡ ಕೆಳಗೆಳೆದುಕೊಂಡೆ. ಅದರೊಳಗೆ ನಾನೊಬ್ಬಳೇ ನಗುತ್ತಿದ್ದೆ. ನಾಳೆ ಹೇಳೋಣ, ಪಾಸಾಗದಿದ್ದರೂ ಕರೆಯಬಹುದು ಎಂದು ಹೇಳೋಣ ಅಂದುಕೊಂಡೆ. ಆ ನಾಳೆಯನ್ನು ನಾನು ಹನ್ನೊಂದು ದಿನ ಮುಂದೂಡಿದೆ.

ಆ ತನಕ ನಮ್ಮ ಕೈಗೆ ಬಂದಿದ್ದೆಲ್ಲ ತೋಳಿನಷ್ಟು ದಪ್ಪದ ಪೈಪು. ಹನ್ನೊಂದನೇ ದಿನ ದೊಡ್ಡವು ಬಂದವು, ಮನುಷ್ಯ ತೆವಳಿಕೊಂಡು ಒಳಗೆ ಹೋಗುವಷ್ಟು ದೊಡ್ಡವು. ಒಳಗಿನ ಬೆಸುಗೆ ಕಪ್ಪಾಗದಿರಲೆಂದು ಪೈಪಿನ ಬಾಯಿಗೆ ಟೇಪು ಸುತ್ತಿ ಮುಚ್ಚಿ ಆರ್ಗಾನ್ ಗ್ಯಾಸ್ ತುಂಬುತ್ತಾರೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉರಿಯಿಲ್ಲ, ಕೆಮ್ಮು ಕೂಡ ಬರುವುದಿಲ್ಲ. ಬರೀ ಗಾಳಿಯನ್ನು ಹೊರಗೆ ತಳ್ಳಿ ತಾನು ಮಲಗಿರುತ್ತದೆ. ಒಳಗೆ ಹೋದವನಿಗೆ ಎರಡು ಉಸಿರು, ಅಷ್ಟೇ. ತರಬೇತಿ ಶೆಡ್ಡಿನ ಮೊದಲ ದಿನದ ಮೊದಲ ಪಾಠವೇ ಇದು. ಹದಿನೆಂಟು ವರ್ಷದಿಂದ ಗೊತ್ತಿರುವ ವಿಷಯ ಬೇರೆಯವರಿಗೆ ಗೊತ್ತಿಲ್ಲದೆ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಅಂದು ಊಟದ ಹೊತ್ತಿಗೆ ಆಫೀಸಿನವರು ನನ್ನನ್ನು ಮೀಟಿಂಗಿಗೆ ಕರೆದರು.

"ಹೋಗ್ಬನ್ನಿ ಮೇಸ್ತ್ರಮ್ಮ. ಬರೋಷ್ಟರಲ್ಲಿ ನಿಮಗೊಂದು ವಿಷಯ ತೋರಿಸ್ತೀನಿ."

"ಏನೂ ಮುಟ್ಟಬೇಡ. ಬುತ್ತಿ ತಿನ್ನು."

"ಪಟ್ಟಿ ನೋಡಿ, ಸಡಿಲ ಆಗಿದೆ" ಎಂದು ಗಲ್ಲ ಮೇಲೆತ್ತಿದ. ಸಡಿಲವಾಗಿರಲಿಲ್ಲ. ಆದರೂ ಎಳೆದು ನೋಡಿ, ಬೆರಳು ತೋರಿಸಿ "ಸರಿ ಇದೆ" ಎಂದೆ.

ವಾಪಸು ಬಂದಾಗ ಜಾಯಿಂಟಿನ ಸುತ್ತ ಹೊಸ ಬೆಸುಗೆ ಇತ್ತು, ಇನ್ನೂ ಬಿಸಿ. ಪಕ್ಕದಲ್ಲಿ ಗುಂಡಗೆ ನಾನೂರ ಎರಡು. ಪೈಪಿನ ಬಾಯಿಯ ಟೇಪು ಕಿತ್ತಿತ್ತು. ಒಳಗೆ ದೂರದಲ್ಲಿ ದೀಪ ಉರಿಯುತ್ತಿತ್ತು, ಈಚೆಗೆ ಅವನ ಬೂಟಿನ ಅಡಿ ಕಾಣುತ್ತಿತ್ತು.

ಮುಖ ನೋಡಲು ಹೋಗಿದ್ದ. ನಾನು ಹೇಳಿಕೊಟ್ಟ ಮುಖ.

ನಾನು ಒಳಗೆ ನುಗ್ಗಿದೆ. ಗ್ವಾಕ್ ಮಾವ ಹಿಂದಿನಿಂದ ನನ್ನ ಬೆಲ್ಟ್ ಹಿಡಿದು ಎಳೆದ. "ಹೋದ್ರೆ ನೀನೂ ಹೋಗ್ತೀಯ! ಗಾಳಿ ಸಿಲಿಂಡರ್ ಬರಲಿ!" ಇನ್ನೊಬ್ಬ ಕಾಲು ಹಿಡಿದ. ಕಚ್ಚಿದೆ, ಒದ್ದೆ, ಬಾಯಿಗೆ ಬಂದದ್ದೆಲ್ಲ ಬೈದೆ. ಒಬ್ಬ ಬಿದ್ದರೆ ಇನ್ನೊಬ್ಬನನ್ನು ಒಳಗೆ ಬಿಡಬೇಡಿ ಎಂದು ಆ ಗಂಡಸರಿಗೆಲ್ಲ ಕಲಿಸಿದವಳು ನಾನೇ. ಚೆನ್ನಾಗಿಯೇ ಕಲಿತಿದ್ದರು. ಗಾಳಿ ಸಿಲಿಂಡರ್ ಬರುವುದಕ್ಕೆ ಆರು ನಿಮಿಷ ಹಿಡಿಯಿತು. ಆರು ನಿಮಿಷವೂ ನಾನು ಆ ಬೂಟುಗಳನ್ನು ನೋಡುತ್ತಾ ಅವನ ಹೆಸರು ಕೂಗಿದೆ. ಮನೆತನದ ಹೆಸರು ಪ್ಯೋ ಅಲ್ಲ, ಬರೀ ಸಾಂಗೂ ಅಂತ. ನಾನೂ ಅಲ್ಲಿಯವರೆಗೆ ಹಾಗೆ ಕರೆದಿರಲಿಲ್ಲ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಸತ್ತವರಿಗೆ ಕೊನೆಯ ನಮಸ್ಕಾರ ಹೇಳುವ ಕೋಣೆಯಲ್ಲಿ, ಹೂವಿನ ನಡುವೆ ಅವನ ಫೋಟೋ ಇಟ್ಟಿದ್ದರು. ಬಂದವರಿಗೆ ಕೆಂಪು ಸಾರು, ಅನ್ನ. ಎರಡು ಸಲ ನೆಲಕ್ಕೆ ಬಾಗಿ ನಮಸ್ಕರಿಸಿದವಳು ಹಣೆಯೂರಿ ಅಲ್ಲೇ ಉಳಿದೆ. ಅವನ ತಾಯಿ ಬಂದು ತೋಳು ಹಿಡಿದು ಎಬ್ಬಿಸಿದಳು. ತೋಟದ ಕೆಲಸದ ಗಟ್ಟಿ ಕೈ.

"ನೀನು ಗುಮ್ಸಿಲ್ ಅಲ್ವಾ?"

ನಾನು ತಲೆಯಾಡಿಸಿದೆ.

"ಫೋನ್ ಮಾಡಿದಾಗೆಲ್ಲ ನಿನ್ನ ಹೆಸರೇ. ಗುಮ್ಸಿಲ್ ಹಿಂಗಂದಳು, ಗುಮ್ಸಿಲ್ ಹಂಗೆ ಬೈದಳು." ನನ್ನ ತೋಳು ಬಿಡದೆ ಕೇಳಿದಳು, "ತಾಯಿ, ಒಂದು ಮಾತು ಹೇಳು. ಕಂಪನಿಯವರು ಬಂದಿದ್ರು. ಎಂಟು ವರ್ಷದ ಅನುಭವ ಇದ್ದೋನು, ಗ್ಯಾಸ್ ಇದೆ ಅಂತ ಗೊತ್ತಿದ್ದೂ ಒಳಗೆ ಹೋದ, ಅವನದೇ ತಪ್ಪು ಅಂತಾರೆ. ನನ್ನ ಮಗ ಗೊತ್ತಿದ್ದೂ ಸಾಯೋಕೆ ಹೋದ್ನಾ?"

ಅವಳು ಕೇಳಿದ್ದು ಅದೊಂದನ್ನೇ. ನಾನು ಬೂಟು ಮೆಟ್ಟಿಕೊಂಡು ಹೊರಗೆ ನಡೆದೆ.

ಮಾರನೇ ದಿನ ಆಫೀಸಿನಲ್ಲಿ ಮ್ಯಾನೇಜರ್ ಎಕ್ಸ್‌ರೇ ಫಿಲಂಗಳ ಕಟ್ಟನ್ನು ಮೇಜಿನ ಮೇಲೆ ಇಟ್ಟ. "ನೋಡು ಮೇಸ್ತ್ರಮ್ಮ, ನಾನೂರ ಎರಡು. ಐವತ್ತಾರು ಜಾಯಿಂಟ್, ಒಂದರಲ್ಲೂ ದೋಷ ಇಲ್ಲ. ಯಾರ್ಡಿಗೇ ಮೊದಲಿಗ. ಇಂಥ ಕೈಯವನಿಗೆ ಆರ್ಗಾನ್ ಗೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ? ಕಾರ್ಮಿಕ ಇಲಾಖೆ ಅಧಿಕಾರಿ ನಾಳೆ ಬರ್ತಾರೆ. ನೀನು ಹೂಂ ಅನ್ನು ಸಾಕು. ಬಾಯಿ ಬಿಟ್ರೆ ನಿನ್ನ ಸಹಿನೇ ನಿನ್ನ ಕುತ್ತಿಗೆಗೆ ಬರುತ್ತೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಐವತ್ತಾರು ಮಧ್ಯಾಹ್ನ ನಾನು ಪ್ರೀತಿಯಿಂದ ಮಾಡಿದ ಬೆಸುಗೆಗಳು ಈಗ ಸಾಲಾಗಿ ನಿಂತು ಅವನ ವಿರುದ್ಧ ಸಾಕ್ಷಿ ಹೇಳುತ್ತಿದ್ದವು. ಸುಮ್ಮನಿದ್ದರೆ ಅವನು ಯಾರ್ಡಿನ ಅತಿ ಒಳ್ಳೆಯ ಕೆಲಸಗಾರನಾಗಿ, ತನ್ನ ಸಾವಿಗೆ ತಾನೇ ಕಾರಣನಾಗಿ ಉಳಿಯುತ್ತಾನೆ. ಬಾಯಿ ಬಿಟ್ಟರೆ ಸುಳ್ಳುಗಾರನಾಗುತ್ತಾನೆ, ನಾನು ಅವನನ್ನು ಕೊಂದವಳಾಗುತ್ತೇನೆ. ಮನೆಗೆ ಹೋಗಿ ಟಿವಿ ಹಾಕಿ ಅದರ ಮುಂದೆ ಕೂತೆ. ಏನು ಬಂತೋ ಗೊತ್ತಿಲ್ಲ.

ಬಂದ ಅಧಿಕಾರಿಣಿ ನನ್ನದೇ ವಯಸ್ಸಿನವಳು. ಮ್ಯಾನೇಜರ್ ಕಾಫಿ ತರಿಸಿದ್ದ. ನಾನು ಕುಡಿಯಲಿಲ್ಲ.

"ಐವತ್ತಾರೂ ನನ್ನವು ಮೇಡಂ" ಎಂದೆ. "ಅವನಿಗೆ ಬೆಸೆಯೋಕೆ ಬರ್ತಿರಲಿಲ್ಲ. ಮೊದಲ ದಿನವೇ ನನಗೆ ಗೊತ್ತಾಯ್ತು. ಗೊತ್ತಾಗಿಯೂ ಅನುಭವಸ್ಥ ಅಂತ ಸಹಿ ಹಾಕಿದೆ. ಅದಕ್ಕೇ ಅವನು ಶೆಡ್ಡಿಗೆ ಹೋಗಲಿಲ್ಲ. ಗ್ಯಾಸಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ."

"ದುಃಖದಲ್ಲಿ ಏನೇನೋ ಮಾತಾಡ್ತಿದ್ದಾಳೆ" ಎಂದು ಮ್ಯಾನೇಜರ್ ಎದ್ದ.

"ಸುಮ್ನೆ ಕೂತ್ಕೊಳ್ರೀ" ಎಂದಳು ಅಧಿಕಾರಿಣಿ. ನನ್ನ ಕಡೆ ತಿರುಗಿದಳು. "ಇದಕ್ಕೆ ಪುರಾವೆ?"

"ಐವತ್ತೇಳನೇ ಫಿಲಂ ತೆಗೆಸಿ. ಅವನೊಬ್ಬನೇ ಮಾಡಿದ್ದು, ಅವತ್ತಿಂದು."

ಆ ಜಾಯಿಂಟಿನ ಫಿಲಂ ಬರಲು ಎರಡು ದಿನವಾಯಿತು. ದೀಪದ ಪೆಟ್ಟಿಗೆಯ ಮೇಲೆ ಅದನ್ನೂ ಹಳೆಯ ಐವತ್ತಾರರಲ್ಲಿ ಒಂದನ್ನೂ ಪಕ್ಕಪಕ್ಕ ಇಟ್ಟರು. ಬೆಸುಗೆ ಕಾಣದವರಿಗೂ ತಿಳಿಯುವ ಹಾಗಿತ್ತು. ನನ್ನದು ಹೊಲಿಗೆ ಮಷೀನಿನಲ್ಲಿ ಹೊಲಿದ ಹಾಗೆ. ಅವನದು ಕಪ್ಪು ಚುಕ್ಕೆಗಳ ರಾಶಿ, ಒಂದು ಕಡೆ ಉಬ್ಬು, ಒಂದು ಕಡೆ ತೂತು. ಸಾರಾಸಗಟು ಫೇಲು. ಪೂರ್ತಿ ಅವನದೇ ಎಂದು ಯಾರ್ಡಿನಲ್ಲಿ ಉಳಿದ ಒಂದೇ ಒಂದು ಜಾಯಿಂಟು, ಅದೂ ಹಾಳಾಗಿತ್ತು. ಹಾಳಾದದ್ದರಿಂದಲೇ ಅವನ ಮೇಲಿನ ತಪ್ಪು ಅವನಿಂದ ಇಳಿದು ನನ್ನ ಹೆಗಲಿಗೆ ಬಂತು.

ಅಧಿಕಾರಿಣಿ ಪೆನ್ನು ಹಿಡಿದು ಕೇಳಿದಳು, "ನೀವು ಯಾಕೆ ಹಿಂಗೆ ಮಾಡಿದ್ರಿ? ಇಲ್ಲಿ ಬರೀಬೇಕು."

"ಅವನನ್ನ ಪ್ರೀತಿಸ್ತಿದ್ದೆ. ಕಳ್ಕೊಳ್ಳೋಕೆ ಮನಸ್ಸಿರಲಿಲ್ಲ. ಹಂಗೇ ಬರ್ಕೊಳ್ಳಿ."

ಅವಳು ಹಾಗೆಯೇ ಬರೆದಳು. ಅವನಿಗೆ ಹೇಳಬೇಕಾದ ಮಾತು ಸರ್ಕಾರದ ಕಾಗದದಲ್ಲಿ ಮೂರನೇ ಸಾಲಾಯಿತು. ಕೆಳಗೆ ಸಹಿ ಹಾಕಿದೆ. ಈ ಸಲದ ಸಹಿ ನಿಜದ್ದು.

ಕೆಲಸ ಆ ದಿನವೇ ಹೋಯಿತು. ಕೋರ್ಟಿನ ಕರೆ ಮುಂದಿನ ತಿಂಗಳು. ಗೇಟಿನವರೆಗೆ ಗ್ವಾಕ್ ಮಾವ ಬಂದ. ಅವನ ಕೈಯ ಮೇಲೆ ನನ್ನ ಹಲ್ಲಿನ ಗುರುತು ಇನ್ನೂ ಮಾಸಿರಲಿಲ್ಲ. ಹೊರಗೆ ಬಂದು ಸಾಂಗೂನ ತಾಯಿಗೆ ಫೋನ್ ಮಾಡಿದೆ.

"ಅವನಿಗೆ ಗೊತ್ತಿರಲಿಲ್ಲಮ್ಮ. ನಾನು ಹೇಳಿರಲಿಲ್ಲ. ತಪ್ಪು ನಂದು."

ಶಾಪ ಹಾಕಲಿ ಎಂದು ಕಾದೆ.

"ಹಂಗಾದ್ರೆ ಸಾಯೋಕೆ ಅಂತ ಹೋಗಿದ್ದಲ್ಲ" ಎಂದಳು. "ಮತ್ಯಾಕೆ ಹೋದ ಒಳಗೆ?"

ಕಾರ್ಖಾನೆಯೊಳಗೆ ಊಟದ ಸೈರನ್ ಆಯಿತು. ಆ ಸದ್ದು ನಿಲ್ಲುವವರೆಗೆ ಕಾದು, ಕಣ್ಣು ಒರೆಸಿಕೊಂಡು ಹೇಳಿದೆ.

"ನನ್ನನ್ನ ಹೆಸರು ಹಿಡಿದು ಕರೆಯೋಕೆ."