ಹಳಿ ಕಿತ್ತ ಸುರಂಗ

ಧುಪದಾಳದ ಆಚೆ, ಘಟಪ್ರಭಾ ಸ್ಟೇಷನ್ನಿಗೆ ಹೋಗುತ್ತಿದ್ದ ಹಳಿ ಕಿತ್ತು ಎಷ್ಟೋ ವರ್ಷವಾದ ರೈಲ್ವೆ ಸುರಂಗದ ಇತಿಹಾಸ ಬರೆಯಲು ಹೋಗಿದ್ದೆ. ಬಿಸಿಲಲ್ಲಿ ಅಲೆದು ಸಾಕಾಗಿತ್ತು. ಕುರಿಗಾರ ಶೆಟ್ಟೆಪ್ಪ ತನ್ನ ಹಿಂಡಿನೊಂದಿಗೆ ನನ್ನನ್ನೂ ಒಳಗೆ ಕರೆದೊಯ್ದ. ಸುರಂಗದ ನಡುವೆ ಕುರಿಗಳೆಲ್ಲ ತಾವಾಗಿಯೇ ಗೋಡೆಗೆ ಒತ್ತಿ ನಿಂತವು.

“ಬಾಜೂಕ ಸರೀರಿ ಸರ, ಹಾದಿ ಬಿಡ್ರಿ.”

“ಹಳಿನ ಇಲ್ಲಲ್ಲ ಕಾಕಾ, ಯಾರಿಗೆ ಬಿಡೂದು?”

“ಹಳಿ ಕಿತ್ತಾರಂತ ಅದಕ್ಕ ಯಾರರೆ ಹೇಳ್ಯಾರೇನ್ರಿ?”

ಕಲ್ಲಿದ್ದಲ ಹೊಗೆಯ ವಾಸನೆ ಬಂತು. ಬಿಸಿಗಾಳಿಯೊಂದು ನಮ್ಮನ್ನು ಸವರಿಕೊಂಡು ಹೋಯಿತು. ದಾರಿಯ ಮಧ್ಯದಲ್ಲೇ ಉಳಿದಿದ್ದ ಒಂದು ಮರಿಯ ಕೂಗು ಆ ಗಾಳಿಯ ಜೊತೆ ದೂರವಾಗುತ್ತ ಹೋಯಿತು. “ಅಯ್ಯ, ನನ್ನ ಮರಿ!” ಎಂದು ಶೆಟ್ಟೆಪ್ಪ ಓಡಿದ.

ಸಂಜೆಯವರೆಗೆ ಒಳಗೂ ಹೊರಗೂ ಹುಡುಕಿದೆವು, ಮರಿ ಸಿಗಲಿಲ್ಲ. ತಾಯಿಕುರಿ ಮಾತ್ರ ಸುರಂಗದತ್ತ ತಿರುಗಿಯೂ ನೋಡಲಿಲ್ಲ. ಘಟಪ್ರಭಾ ಸ್ಟೇಷನ್ನಿನ ದಿಕ್ಕಿಗೆ ಮುಖ ಮಾಡಿ ಕೂಗುತ್ತಲೇ ಇತ್ತು.