ತವನಪ್ಪನ ಸ್ವಂತ ಕತೆ

ಕತೆ ಮೂರನೆಯ ಸಲವೂ ಮರಳಿ ಬಂದಿತ್ತು. ಜೊತೆಯಲ್ಲಿ ಸಂಪಾದಕರದೊಂದು ಚೀಟಿ: 'ವಿವರಗಳೆಲ್ಲ ಸರಿಯಾಗಿವೆ. ಜೀವವೊಂದಿಲ್ಲ.' ಚಿಕ್ಕೋಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ತವನಪ್ಪ ಮಗದುಮ್ ಅದನ್ನು ಅಂಚಿಗೆ ಅಂಚು ಕೂಡುವಂತೆ ಮಡಚಿ ಕಿಸೆಯಲ್ಲಿಟ್ಟುಕೊಂಡ. ಹರಿದು ಎಸೆಯುವುದು ಅವನ ಸ್ವಭಾವವಲ್ಲ.

ಶೂನ್ಯದಿಂದ ಯಾವ ವಸ್ತುವೂ ಹುಟ್ಟುವುದಿಲ್ಲ. ಕತೆಯೂ ಅಷ್ಟೇ, ಇನ್ನೊಂದು ಕತೆಯಿಂದಲೇ ಹುಟ್ಟಬೇಕು ಎಂಬುದು ಅವನ ಸಿದ್ಧಾಂತ. ರದ್ದಿ ಅಂಗಡಿಯಿಂದ ಹಳೆಯ ಮರಾಠಿ ಮಾಸಿಕಗಳನ್ನು ತರುತ್ತಿದ್ದ. ಓದುತ್ತ ಓದುತ್ತ ಒಂದು ಕತೆಯ ಎಲುಬಿನ ಹಂದರವನ್ನು ಬಿಡಿಸಿ ತೆಗೆದು ಅದಕ್ಕೆ ತನ್ನ ಸೀಮೆಯ ಊರು, ಹೆಸರು, ಮಾತು ತೊಡಿಸುತ್ತಿದ್ದ. ಆದರೆ ಆ ಹಂದರಗಳು ಎದ್ದು ನಡೆಯುತ್ತಿರಲಿಲ್ಲ.

ಊಟಕ್ಕೆ ಹೋಗುತ್ತಿದ್ದ ಶೇವಂತಾಬಾಯಿಯ ಖಾನಾವಳಿಯಲ್ಲಿ ಈ ಸಂಗತಿ ಗುಟ್ಟಾಗಿ ಉಳಿದಿರಲಿಲ್ಲ. ಪೊಲೀಸ್ ಹವಾಲ್ದಾರ ಕಾಡಸಿದ್ದ ತಾಟಿನ ಮುಂದೆ ಕುಳಿತನೆಂದರೆ ಅದೇ ಮಾತು.

"ಏನ್ ಮಾಸ್ತರ, ಈ ಸಲ ಯಾರ ಹೊಲದಾಗಿನ ಕಬ್ಬ ಮುರಕೊಂಡ ಬಂದ್ರಿ?"

"ಓದಿದ್ರ ವಿಚಾರ ಹುಟ್ತಾವ ಹವಾಲ್ದಾರ್ರ. ಅದಕ್ಕ ಕಳವು ಅನ್ನೂದಿಲ್ಲ."

"ಸಿಕ್ಕ ಬೀಳೂತನಕಾ ಯಾರೂ ಅನ್ನೂದಿಲ್ಲ ಬಿಡ್ರಿ."

"ಉಣ್ಣೂ ಮುಂದ ಅವರಿಗ್ಯಾಕ ಕಾಡ್ತೀಯೋ?" ಎಂದು ಶೇವಂತಾ ಒಲೆಯ ಮುಂದಿನಿಂದ ಗದರುತ್ತಿದ್ದಳು. ಅವಳ ಗಂಡ ಭರಮು ತಂಬಾಕಿನ ದಲಾಲಿಗೆಂದು ನಿಪ್ಪಾಣಿಗೆ ಹೋದವನು ಎಂಬತ್ನಾಲ್ಕನೆಯ ಇಸವಿಯಲ್ಲಿ ಕಾಣೆಯಾಗಿದ್ದ. ಇನ್ನೊಬ್ಬಳೊಡನೆ ಮುಂಬಯಿ ಸೇರಿದ್ದಾನೆಂದು ಊರೆಲ್ಲ ಆಡಿ ಮುಗಿಸಿತ್ತು. ಏಳು ವರ್ಷವಾದರೂ ಅವಳು ಕುಂಕುಮ ಅಳಿಸಿರಲಿಲ್ಲ.

ತವನಪ್ಪ ರವಿವಾರಕ್ಕೊಮ್ಮೆ ನಿಪ್ಪಾಣಿಗೆ ಹೋಗಿ ತಂಬಾಕಿನ ವ್ಯಾಪಾರಿ ಕಾಕಾಸಾಹೇಬರ ಮೊಮ್ಮಗಳಿಗೆ ಗಣಿತ ಹೇಳಿಕೊಡುತ್ತಿದ್ದ. ಒಂದು ರವಿವಾರ ಮುದುಕ ಅವನ ಚೀಲದೊಳಗಿನ ಮಾಸಿಕಗಳತ್ತ ಕತ್ತು ಚಾಚಿದರು.

"ಇವನ್ನೆಲ್ಲಾ ಓದಿ ನಿಮ್ಮದು ಬರೀತೀರೇನ್ರಿ? ನಾ ಜನ್ಮದಾಗ ಒಂದ ಕತಿ ಓದಿಲ್ಲ ನೋಡ್ರಿ. ರೋಕಡಾ ಎಣಸೂದ್ರಾಗ ಆಯುಷ್ಯ ಹೋತು. ಊಟ ಎಲ್ಲಿ ಮಾಡ್ತೀರಿ ಚಿಕ್ಕೋಡ್ಯಾಗ?"

"ಶೇವಂತಾಬಾಯಿ ಖಾನಾವಳ್ಯಾಗ್ರಿ."

ಮುದುಕ ಎಲೆ ಅಡಿಕೆಯ ತಟ್ಟೆ ಎಳೆದುಕೊಂಡು ಒಂದೊಂದೇ ಎಲೆಗೆ ನಿಧಾನವಾಗಿ ಸುಣ್ಣ ಸವರತೊಡಗಿದರು. ಕೆಲವು ವಾರ ಕಳೆದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಮರಾಠಿ ಹಾಳೆಗಳ ಸುರುಳಿಯೊಂದನ್ನು ಅವನ ಕೈಗಿಟ್ಟರು. "ನಗಬ್ಯಾಡ್ರಿ ಮಾಸ್ತರ. ನಾನೂ ಒಂದ ಕತಿ ಬರದೇನಿ. ಓದಿ ಹೆಂಗೈತಿ ಹೇಳ್ರಿ. ಮಂದಿ ಮುಂದ ಮಾತ್ರ ಅನಬ್ಯಾಡ್ರಿ."

ಅವನು ನಗಲೆಂದೇ ಬಸ್ಸಿನಲ್ಲಿ ಬಿಚ್ಚಿದ. ಚಿಕ್ಕೋಡಿ ಬಂದದ್ದು ತಿಳಿಯಲಿಲ್ಲ. ಕಂಡಕ್ಟರ್ ಭುಜ ಅಲುಗಿಸಬೇಕಾಯಿತು. ಒಬ್ಬ ವ್ಯಾಪಾರಿ ಹಾಡುಹಗಲೇ, ಮುಚ್ಚಿದ ಗೋದಾಮಿನಲ್ಲಿ ತನ್ನ ದಲಾಲನನ್ನು ಕೊಲ್ಲುತ್ತಾನೆ. ನೆಲ ಅಗೆದು ಹೂಳುತ್ತಾನೆ. ಮೇಲೆ ತಂಬಾಕಿನ ಪುಡಿ ಹರಡುತ್ತಾನೆ. ಅದರ ಘಾಟಿಗೆ ನಾಯಿಯೂ ಅತ್ತ ಮೂತಿ ತಿರುಗಿಸುವುದಿಲ್ಲ. ವಿಜ್ಞಾನದ ಪದವೀಧರ ಆ ಉಪಾಯಕ್ಕೆ ಮನಸ್ಸಿನಲ್ಲೇ ತಲೆದೂಗಿದ. ಅರ್ಥವಾಗದ್ದು ಒಂದೇ ಸಾಲು: ಹೆಣದ ಕಾಲಿನಿಂದ ಕಳಚಿದಾಗ ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಭಾರವಾಗಿತ್ತು. ಯಾಕೆಂದು ಬರೆದಿರಲಿಲ್ಲ. ಕಾರಣವಿಲ್ಲದ ವಿವರವನ್ನು ಅವನು ಎಂದೂ ಉಳಿಸಿದವನಲ್ಲ. ಆದರೆ ಸಂಪಾದಕರು ಕೇಳಿದ ಜೀವ ಆ ಸಾಲಿನಲ್ಲೇ ಮಿಡಿಯುತ್ತಿರುವಂತೆ ಕಂಡಿತು.

ಈ ಕತೆ ತನ್ನದಾಗಬೇಕು. ಪ್ರಯೋಗಕ್ಕೆ ಮೊದಲು ಮೇಜು ಒರೆಸುವವನ ಹಾಗೆ ಅವನು ಅಪಾಯಗಳನ್ನು ಒಂದೊಂದಾಗಿ ಒರೆಸುತ್ತ ಬಂದ. ಕಾಕಾಸಾಹೇಬರು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಆಡುತ್ತಾರೆ, ಓದಲಾರರು. ನಗೆಪಾಟಲಾಗುವ ಅಂಜಿಕೆಯಿಂದ ಬರೆದದ್ದನ್ನು ಯಾರಿಗೂ ತೋರಿಸಿಲ್ಲ. ಉಳಿದದ್ದು ಹಾಳೆಗಳು. ಬಸ್‌ಸ್ಟ್ಯಾಂಡಿನಲ್ಲಿ ಚೀಲ ಕಳುವಾಯಿತೆಂದರೆ ಆಯಿತು. ಮುಂದಿನ ವಾರ ಹೊಸ ಚೀಲ ಹಿಡಿದು ಹೋದರೆ ಸುಳ್ಳಿಗೆ ಸಾಕ್ಷಿಯೂ ಸಿಕ್ಕಿತು. ಕತೆಯಲ್ಲಿ ಊರಿನ ಹೆಸರಿರಲಿಲ್ಲ. ಆದರೆ ತಗಡಿನ ಮಾಡು, ಬಾಗಿಲಿಗೆ ಒರಗಿದ ಬೇವಿನ ಮರ ಓದುತ್ತಲೇ ಅವನಿಗೆ ಗುರುತು ಹತ್ತಿತ್ತು: ನಿಪ್ಪಾಣಿಯಲ್ಲಿ ಕಾಲೇಜು ಓದುವಾಗ ಅವನಿದ್ದ ಖೋಲಿಯ ಮಗ್ಗುಲಿನ, ವಾರಸುದಾರರ ವ್ಯಾಜ್ಯದಲ್ಲಿ ವರ್ಷಗಟ್ಟಲೆ ಬೀಗ ಬಿದ್ದು, ಈಗ ವ್ಯಾಜ್ಯ ತೀರಿ ಕೆಡವುವ ಸರದಿಗೆ ಬಂದಿದ್ದ ಗೋದಾಮು. ಒಳ್ಳೆಯದೇ ಆಯಿತು. ಮುರಿದ ಕಿಟಕಿ, ಬಾಗಿಲಿನ ಒಡಕು ಪಟ್ಟಿ ಎಲ್ಲವನ್ನೂ ತನ್ನ ಕಣ್ಣಿನಿಂದ ತುಂಬಬಹುದು. ಕಣ್ಣಾರೆ ಕಂಡದ್ದನ್ನು ಕದ್ದದ್ದೆಂದು ಯಾರು ಅಂದಾರು?

ಎಲ್ಲವೂ ಲೆಕ್ಕದಂತೆ ನಡೆಯಿತು. ದಲಾಲನ ಹೆಸರು, ಜಾತಿ, ವಯಸ್ಸು ಬದಲಾದವು. ಚಪ್ಪಲಿಯ ಸಾಲು ಮಾತ್ರ ಇದ್ದಂತೆಯೇ ಕನ್ನಡಕ್ಕೆ ಬಂತು. ಹಾಳೆಗಳನ್ನು ಶಾಲೆಯ ಪ್ರಯೋಗಾಲಯದಲ್ಲಿ ಸುಟ್ಟು, ಬೂದಿಯನ್ನು ಮೋರಿಗೆ ಬಿಟ್ಟು, ನೀರು ಹರಿಸಿದ. ಚೀಲ ಕಳೆದ ಸುದ್ದಿಗೆ ಮುದುಕ ಹುಬ್ಬನ್ನೂ ಏರಿಸಲಿಲ್ಲ.

"ಹೋಗಲಿ ಬಿಡ್ರಿ, ಅದರಾಗ ಏನಿತ್ತು?"

ದೀಪಾವಳಿ ವಿಶೇಷಾಂಕದಲ್ಲಿ ಕತೆಗೆ ಮೊದಲ ಬಹುಮಾನ ಬಂತು. ತವನಪ್ಪನ ಭಾವಚಿತ್ರದ ಕೆಳಗೆ ಸಂಪಾದಕರು ಬರೆದಿದ್ದರು: 'ಇದು ಕಟ್ಟಿದ ಕತೆಯಲ್ಲ, ಕಂಡ ಕತೆ.' ಸುದ್ದಿ ಕೇಳಿ ಕಾಕಾಸಾಹೇಬರು ಪೇಢೆ ತರಿಸಿದರು. "ನನಗ ಕನ್ನಡ ಓದಾಕ ಬರೂದಿಲ್ಲ. ಊಟ ಹಾಕೂ ತಾಯಿಗೆ ಒಮ್ಮೆ ಓದಿ ಹೇಳ್ರಿ, ಹಿಗ್ಗತಾಳ."

ಎಂಥ ಭೋಳೆ ಮನುಷ್ಯ ಎಂದು ತವನಪ್ಪನಿಗೆ ಕನಿಕರ ಬಂತು. ಮಾತು ಮಾತ್ರ ಹಿಡಿಸಿತು. ಮರುದಿನ ಮಧ್ಯಾಹ್ನ ಖಾನಾವಳಿಯಲ್ಲಿ ಸಂಚಿಕೆ ಬಿಚ್ಚಿದ. ಶೇವಂತಾ ರೊಟ್ಟಿ ಬಡಿಯುತ್ತಲೇ ಕಿವಿಗೊಟ್ಟಳು. ಅವನು ತಡೆದು ತಡೆದು, ಧ್ವನಿ ಏರಿಸಿ ಇಳಿಸಿ ಓದಿದ. ಚಪ್ಪಲಿಯ ಸಾಲು ದಾಟಿದ ಮೇಲೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅದು ತನ್ನ ಬರವಣಿಗೆಯ ಬಲವೆಂದು ಬಗೆದು ಕೊನೆಯವರೆಗೂ ಓದಿ ಮುಗಿಸಿದ.

"ಖರೇ ಹೇಳ್ರಿ ಮಾಸ್ತರ, ಇದು ಯಾರ ಹೊಲದ ಕಬ್ಬ?" ಕಾಡಸಿದ್ದ ಬೆರಳು ನೆಕ್ಕುತ್ತ ಕೇಳಿದ.

"ತಾಯಿ ಆಣಿ, ಒಂದ ಅಕ್ಷರಾನೂ ಎಲ್ಲೂ ಓದಿದ್ದಲ್ಲ. ಆ ಗೋದಾಮ ನಿಪ್ಪಾಣ್ಯಾಗ ಈಗೂ ಐತಿ. ಕಲಿಯೂ ಮುಂದ ಅದರ ಮಗ್ಗಲದ ಖೋಲ್ಯಾಗ ನಾ ಒಬ್ಬನ ಇದ್ದೆ."

"ಯಾವ ವರ್ಷ?"

"ಎಂಬತ್ಮೂರು, ಎಂಬತ್ನಾಕು."

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೇಳುತ್ತಿತ್ತು. ಹಿಟ್ಟಿನ ಕೈಯಲ್ಲೇ ಶೇವಂತಾ ಅವನೆದುರು ಬಂದು ನಿಂತಳು. "ಚಪ್ಲಿ ಯಾಕ ಭಾರ ಇತ್ತಂತ ಬರದಿಲ್ಲಲ್ರಿ. ನಾ ಹೇಳ್ತೀನಿ ಕೇಳ್ರಿ. ನಮ್ಮ ಮನಿಯವರ ಎಡಗಾಲ ಹುಟ್ಟಾ ತುಸು ಗಿಡ್ಡ. ಅಥಣ್ಯಾಗ ಹೇಳಿ ಮಾಡಸ್ತಿದ್ರು, ಹಿಮ್ಮಡಿ ಬುಡಕ ತೊಗಲಿನ ಪದರಾ ಹೆಚ್ಚ ಇಟ್ಟು. ಮ್ಯಾಲ ಧೋತರ ಮುಚ್ಚತಿತ್ತು. ನಾಚ್ಕಿ ಅವರಿಗೆ, ಚಪ್ಲಿ ಹೊಸ್ತಿಲ ಹೊರಗ ಎಂದೂ ಬಿಟ್ಟವರಲ್ಲ. ಕೈಯಾಗ ಹಿಡದಾಕಿ ನಾ ಒಬ್ಬಾಕಿ. ನೀವ ಯಾವಾಗ ಹಿಡದ್ರಿ, ಮಾಸ್ತರ?" ಕಾಡಸಿದ್ದ ಕೈ ತೊಳೆಯದೆಯೇ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತ. ಕಾಕಾಸಾಹೇಬರ ಹೆಸರು ತವನಪ್ಪನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತುಬಿಟ್ಟಿತು. ಹಾಳೆಗಳನ್ನು ಬೂದಿ ಮಾಡಿದವನು ತಾನೇ. ಕತೆ ತನ್ನದೆಂದು ಈಗಷ್ಟೇ ಹೆತ್ತ ತಾಯಿಯ ಆಣೆ ಇಟ್ಟವನೂ ತಾನೇ. ಎಲ್ಲ ಅಪಾಯಗಳನ್ನೂ ಒರೆಸಿದವನು ಒಂದನ್ನು ಮಾತ್ರ ಕೇಳಿಕೊಂಡಿರಲಿಲ್ಲ: ಜನ್ಮದಲ್ಲಿ ಒಂದೂ ಕತೆ ಓದದ ಮುದುಕನಿಗೆ ಆ ಕತೆ ಸಿಕ್ಕಿದ್ದೆಲ್ಲಿ?