ಅರ್ಚನಾ ತೆರೆದಿಟ್ಟ ಫೈಲು

ಕೊಟ್ಟೂರಿನ ನಮ್ಮ ಕಾಲೇಜು ಕಚೇರಿಯಲ್ಲಿ ಊಟಕ್ಕೆ ಏಳುವವರು ಕಂಪ್ಯೂಟರಿನಲ್ಲಿ ತೆರೆದ ಫೈಲು ಮುಚ್ಚುವುದಿಲ್ಲ. ಒಬ್ಬರು ತೆರೆದಿಟ್ಟದ್ದು ಇನ್ನೊಬ್ಬರಿಗೆ ತೆರೆಯದು; ಮುಚ್ಚಿದರೆ ಇನ್ನೊಬ್ಬರು ಕೈಯಾಡಿಸುತ್ತಾರೆಂಬ ಅಂಜಿಕೆ. ಹಾಗಾಗಿ ಆ ಮಧ್ಯಾಹ್ನ ಅಂಕಗಳ ಫೈಲು ತೆರೆಯದೆ, 'ಅರ್ಚನಾ ಬಳಸುತ್ತಿದ್ದಾರೆ' ಎಂದು ತೋರಿಸಿದಾಗ ಮೊದಲು ನನಗೇನೂ ಅನ್ನಿಸಲಿಲ್ಲ. ಆಮೇಲೆ ನೆನಪಾಯಿತು. ಅರ್ಚನಾ ಬೇಸಿಗೆಯಲ್ಲೇ ತೀರಿಕೊಂಡಿದ್ದಳು. ಜ್ವರದಲ್ಲಿ ನಡುಗುತ್ತಿದ್ದವಳಿಗೆ ಸೂಪರಿಂಟೆಂಡೆಂಟ್ ಶಿವಯೋಗಪ್ಪನವರು ರಜೆ ಕೊಟ್ಟಿರಲಿಲ್ಲ. ಅವಳ ಜಾಗಕ್ಕೇ ನನ್ನನ್ನು ತೆಗೆದುಕೊಂಡಿದ್ದರು. ಸಂಜೆಯೊಳಗೆ ಅಂಕಗಳನ್ನು ಕಳಿಸದಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ಕಂಪ್ಯೂಟರ್ ರಿಪೇರಿಯ ನಯಾಜ ಬಂದವನೇ ನಕ್ಕ. "ಅಂಜಬ್ಯಾಡ್ರಿ ಮೇಡಂ. ಆಕಿದು ಲಿನಕ್ಸ್ ಮಷೀನು, ನಿಮ್ದು ವಿಂಡೋಸು, ಎರಡಕ್ಕೂ ಸರಿಯಾಗಿ ಹೊಂದಂಗಿಲ್ಲ. ಆಕಿ ಫೈಲ್ ತೆಗೆದಾಗ ಬಿದ್ದ ಹಳೇ ಲಾಕ್ ಉಳಕೊಂಡೈತಿ, ಅಳಿಸಿದ್ರ ಆತು."

ಅಳಿಸಿದ. ಅವಳ ಹೆಸರು ಮತ್ತೆ ಬಂತು. ಅವಳ ಮಷೀನಿನ ಪ್ಲಗ್ಗನ್ನೇ ಕಿತ್ತ. ಆಗಲೂ ಅದೇ ಹೆಸರು. ಅವಳ ಕೀಬೋರ್ಡನ್ನು ಮುಟ್ಟಿ ನೋಡಿದೆ. ಜ್ವರ ಬಂದವರ ಹಣೆಯಂತೆ ಸುಡುತ್ತಿತ್ತು. ನಯಾಜ ನಗುವುದನ್ನು ಬಿಟ್ಟ.

ಬಾಗಿಲಲ್ಲಿ ನಿಂತ ಶಿವಯೋಗಪ್ಪನವರು, "ಏನವಾ, ಸತ್ತಾಕಿ ಇನ್ನೂ ಡ್ಯೂಟಿ ಮಾಡ್ತಾಳ, ಬದುಕಿದಾಕಿಗೆ ಒಂದು ಫೈಲ್ ತೆಗಿಯಾಕ ಬರಂಗಿಲ್ಲೇನು?" ಎಂದು ಹೋದರು.

ನಾನು ಪರದೆಯತ್ತ ಬಾಗಿ ಮೆಲ್ಲಗೆ ಹೇಳಿದೆ: "ಸಾಕು ಅರ್ಚನಾ, ಉಳಿದದ್ದು ನಾ ಮುಗಿಸ್ತೀನಿ. ನೀ ಮನಿಗಿ ಹೋಗವಾ."

ಫೈಲು ತೆರೆಯಿತು. ಅಂಕಗಳನ್ನು ಕಳಿಸಿದೆ. ಕೆಲಸ ಉಳಿಯಿತು.

ಅಂದಿನಿಂದ ನಾನು ಆ ಫೈಲು ತೆರೆದು ಕೂತಾಗಲೆಲ್ಲ ಉಳಿದವರ ಪರದೆಯ ಮೇಲೆ ಬರುವುದು ಅರ್ಚನಾಳ ಹೆಸರು. ನಯಾಜ ನನ್ನ ಮಷೀನನ್ನು ಮತ್ತೆ ಮತ್ತೆ ನೋಡಿದ್ದಾನೆ. ಅದರಲ್ಲಿ ಬಳಸುವವರೆಂದು ನಮೂದಾಗಿರುವುದು ನನ್ನ ಹೆಸರೇ.